ಬಿಯರಿಗೆ ಬೇಕಾದ ನೀರು

ಬಿಯರ್ ತಯಾರಿಕೆಯ ಮಾತು ಬಂದರೆ ಬಾರ್ಲಿಯ ಮಾಲ್ಟು, ಹಾಪ್ಸ್ ಹೂವು, ಯೀಸ್ಟು ಇವುಗಳ ವಿಚಾರವೇ ಮುಂದೆ ಬರುತ್ತದೆ. ಲೋಟದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚಿರುವ ನೀರು ಹಿಂದೆ ಉಳಿಯುತ್ತದೆ. ಬೆಂಗಳೂರಿನಲ್ಲಿ 2010ರ ಆಸುಪಾಸಿನಿಂದ ಸಣ್ಣ ಬ್ರೂವರಿಗಳು ಒಂದೊಂದಾಗಿ ತಲೆಯೆತ್ತಿದವು. ಇವು ಬಳಸುವ ಹಾಪ್ಸ್ ಹೊರದೇಶದಿಂದ ಬರುತ್ತದೆ, ಮಾಲ್ಟೂ ಎಷ್ಟೋ ಕಡೆ ಹಾಗೆಯೇ. ಯೀಸ್ಟು ಪೊಟ್ಟಣದಲ್ಲಿ ಬರುತ್ತದೆ. ಇಲ್ಲಿಯದೇ ಆದದ್ದು ನೀರೊಂದೇ. ಆದರೂ ಹೊಸದಾಗಿ ಬ್ರೂವರಿ ಕಟ್ಟುವವರು ಹಂಡೆಗಳ ಉಕ್ಕು ಎಷ್ಟು ದಪ್ಪವಿರಬೇಕೆಂದು ವಾರಗಟ್ಟಲೆ ಚರ್ಚಿಸಿ, ನೀರಿನ ಫಿಲ್ಟರಿನ ವಿಷಯಕ್ಕೆ ಬಂದಾಗ ಅದನ್ನು ಮಾರುವವರ ಕೈಗೆ ಬಿಟ್ಟುಬಿಡುವುದುಂಟು. ಮಾರುವವರು ಸಾಮಾನ್ಯವಾಗಿ ತಂದು ನಿಲ್ಲಿಸುವುದು ದೊಡ್ಡದೊಂದು ರಿವರ್ಸ್ ಆಸ್ಮಾಸಿಸ್, ಅಂದರೆ ಆರ್‌ಓ ಯಂತ್ರವನ್ನು. ನೀರು ಯಾವುದೇ ಇರಲಿ, ಅದರಲ್ಲಿರುವುದನ್ನೆಲ್ಲ ಅದು ತೆಗೆದುಹಾಕುತ್ತದೆ, ಇನ್ನು ಚಿಂತೆಯಿಲ್ಲ ಎಂಬ ಭರವಸೆಯೂ ಜೊತೆಗೆ ಬರುತ್ತದೆ. ಈ ಕ್ರಮ ತಿರುಗುಮುರುಗಾಗಿದೆ ಎನ್ನುವುದು ನನ್ನ ವಾದ. ಮೊದಲು ಕೊಳ್ಳಬೇಕಾದದ್ದು ಫಿಲ್ಟರನ್ನಲ್ಲ, ನೀರಿನ ಪರೀಕ್ಷೆಯ ವರದಿಯನ್ನು. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು, ಬ್ರೂವರಿಯ ಯಾವ ಕೆಲಸಕ್ಕೆ ಎಂಥ ನೀರು ಸಾಕು ಎನ್ನುವುದನ್ನು ಆ ವರದಿಯಿಂದಲೇ ನಿರ್ಧರಿಸಬೇಕು. ಎಲ್ಲ ನೀರನ್ನೂ ಆರ್‌ಓಗೆ ಹಾಕುವುದು ಬಿಯರಿನ ರುಚಿಗೂ ಒಳ್ಳೆಯದಲ್ಲ, ನೀರಿಗೆ ಪರದಾಡುವ ಊರಿಗೂ ಒಳ್ಳೆಯದಲ್ಲ.

ನೀರಿನಲ್ಲಿ ಕರಗಿರುವ ಲವಣಗಳು ಬಿಯರಿನಲ್ಲಿ ಮಾಡುವ ಕೆಲಸ ಸಣ್ಣದಲ್ಲ. ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಹಾಕಿದಾಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಇದು ಸರಿಯಾಗಿ ನಡೆಯಬೇಕಾದರೆ ಆ ಗಂಜಿಯ ಪಿಎಚ್ 5.2ರಿಂದ 5.6ರ ನಡುವೆ ಇರಬೇಕು. ನೀರಿನ ಕ್ಯಾಲ್ಸಿಯಂ ಮಾಲ್ಟಿನ ಫಾಸ್ಫೇಟುಗಳ ಜೊತೆ ಸೇರಿ ಪಿಎಚ್ಚನ್ನು ಕೆಳಕ್ಕೆ ಎಳೆಯುತ್ತದೆ. ಬೈಕಾರ್ಬೊನೇಟ್, ಅಂದರೆ ನೀರಿನ ಕ್ಷಾರತೆ, ಮೇಲಕ್ಕೆ ಎಳೆಯುತ್ತದೆ. ಈ ಎರಡರ ಲೆಕ್ಕವನ್ನು ಜರ್ಮನಿಯ ವಿಜ್ಞಾನಿ ಕೋಲ್‌ಬಾಖ್ 1953ರಲ್ಲಿ ಸೂತ್ರವಾಗಿ ಕೊಟ್ಟರು. ಇಂದಿಗೂ ಬ್ರೂವರಿಗಳು ಅದನ್ನೇ ಬಳಸುತ್ತವೆ. ಸೂತ್ರ ಹುಟ್ಟುವ ಬಹಳ ಮೊದಲೇ ಊರುಗಳು ಅದನ್ನು ಅನುಭವದಿಂದ ಕಂಡುಕೊಂಡಿದ್ದವು. ಬೊಹೀಮಿಯಾದ ಪಿಲ್ಸೆನ್ನಿನ ನೀರು ತೀರಾ ಮೆದು, ಲೀಟರಿಗೆ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು. 1842ರಲ್ಲಿ ಯೋಸೆಫ್ ಗ್ರೋಲ್ ಅಲ್ಲಿ ಹೊಂಬಣ್ಣದ ತಿಳಿ ಲಾಗರ್ ಮಾಡಿದಾಗ ಆ ನೀರು ಅವರಿಗೆ ಒದಗಿಬಂತು. ಡಬ್ಲಿನ್ ಮತ್ತು ಮ್ಯೂನಿಕ್‌ನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಹುರಿದ ಕಪ್ಪು ಮಾಲ್ಟಿನ ಹುಳಿ ಅದನ್ನು ಸರಿದೂಗಿಸುವುದರಿಂದ ಒಂದು ಊರಿನಲ್ಲಿ ಸ್ಟೌಟ್, ಇನ್ನೊಂದರಲ್ಲಿ ಕಂದು ಲಾಗರ್ ಬೆಳೆದವು. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಂ ಎಷ್ಟು ಹೆಚ್ಚೆಂದರೆ ಸಲ್ಫೇಟ್ ಲೀಟರಿಗೆ 600 ಮಿಲಿಗ್ರಾಂ ದಾಟುತ್ತದೆ. ಇಂಡಿಯಾಕ್ಕೆ ಹಡಗಿನಲ್ಲಿ ಬರುತ್ತಿದ್ದ ಕಹಿ ಪೇಲ್ ಏಲ್‌ಗೆ ಹೆಸರು ತಂದದ್ದು ಆ ನೀರು. ಲಂಡನ್ನಿನ ಬ್ರೂವರಿಗಳು ಅಂಥ ಏಲ್ ಮಾಡಲಾಗದೆ ಬರ್ಟನ್ನಿಗೇ ಹೋಗಿ ಶಾಖೆ ಕಟ್ಟಿದವು. 1878ರಲ್ಲಿ ವಿನ್ಸೆಂಟ್ ಎಂಬ ರಸಾಯನಶಾಸ್ತ್ರಜ್ಞರು ಗುಟ್ಟಿರುವುದು ಜಿಪ್ಸಂನಲ್ಲಿ ಎಂದು ತೋರಿಸಿದ ಮೇಲೆ, ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಂ ಸೇರಿಸಿಕೊಂಡು ಅದೇ ಬಗೆಯ ಏಲ್ ಮಾಡತೊಡಗಿದರು. ಇದನ್ನೆಲ್ಲ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಏನೂ ಇಲ್ಲದ ನೀರು ಒಳ್ಳೆಯ ಬಿಯರಿನ ಗುರಿಯಾಗಿ ಎಂದೂ ಇರಲಿಲ್ಲ; ಮಾಡುವ ಬಿಯರಿಗೆ ತಕ್ಕ ನೀರು ಗುರಿಯಾಗಿತ್ತು.

ಬೆಂಗಳೂರಿಗೆ ಬರೋಣ. ಇಲ್ಲಿ ಬ್ರೂವರಿಗೆ ಸಿಗುವುದು ಎರಡು ಬಗೆಯ ನೀರು. ಒಂದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ಪಂಪಿನಿಂದ ಏರಿ ಬರುವ ಕಾವೇರಿ ನೀರು. ಇನ್ನೊಂದು ಗ್ರಾನೈಟು, ನೈಸ್ ಬಂಡೆಗಳ ಬಿರುಕಿನಿಂದ ಮೇಲೆತ್ತುವ ಕೊಳವೆಬಾವಿಯ ನೀರು, ಜನ ಉಪ್ಪುನೀರು ಎನ್ನುವುದು. ಟ್ಯಾಂಕರಿನಲ್ಲಿ ಬರುವುದು ಬಹುಪಾಲು ಇದೇ. ಇವೆರಡರ ಅಂತರ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು: ಉಪ್ಪುನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಗೀಸರಿನ ಕಾಯಿಲಿಗೆ ಬಿಳಿ ಪೊರೆ ಕಟ್ಟುತ್ತದೆ. ಬೇಳೆಯೊಳಗಿನ ಪೆಕ್ಟಿನ್ನನ್ನು ಬಿಗಿಯಾಗಿಸುವ ಕ್ಯಾಲ್ಸಿಯಂ, ಪೊರೆ ಕಟ್ಟುವ ಬೈಕಾರ್ಬೊನೇಟ್ ಇವೇ ಬ್ರೂವರಿಯ ಹಂಡೆಯಲ್ಲೂ ತಮ್ಮ ಕೆಲಸ ಮಾಡುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500, ಕರಗಿದ ಲವಣಗಳಿಗೆ 500 ಮಿಲಿಗ್ರಾಂ ಎಂಬ ಮಿತಿ ಹಾಕಿ, ಬೇರೆ ಮೂಲವೇ ಇಲ್ಲದ ಕಡೆ 2,000ದವರೆಗೂ ಒಪ್ಪುತ್ತದೆ. ಕ್ಷಾರತೆಗೆ 200, ಅನಿವಾರ್ಯವಾದರೆ 600. ಹಾಗಾಗಿ ಕುಡಿಯಲು ಯೋಗ್ಯ ಎಂಬ ಮುದ್ರೆ ಬಿದ್ದ ನೀರು ತಿಳಿ ಬಣ್ಣದ ಬಿಯರಿಗೆ ಪೂರ್ತಿ ಅಯೋಗ್ಯವಾಗಿರಬಹುದು. ಕ್ಷಾರತೆ 300 ಇರುವ ನೀರಿನಲ್ಲಿ ತಿಳಿ ಮಾಲ್ಟನ್ನು ನೆನೆಹಾಕಿ ತೊಳೆದರೆ ಪಿಎಚ್ ಏರಿ, ಹೊಟ್ಟಿನ ಒಗರು ಬಿಯರಿಗೆ ಇಳಿದು ನಾಲಿಗೆಗೆ ಅಂಟಿಕೊಳ್ಳುತ್ತದೆ.

ಜಲಮಂಡಳಿಯ ಶುದ್ಧ ನೀರು ಬಂದರೆ ಫಿಲ್ಟರೇ ಏಕೆ ಎಂದು ಕೇಳುವವರೂ ಇದ್ದಾರೆ. ಅವರಿಗೆ ಉತ್ತರ ಕ್ಲೋರಿನ್. ಕೊಳಾಯಿಯ ಕೊನೆಯವರೆಗೂ ರೋಗಾಣು ಬೆಳೆಯಬಾರದೆಂದು ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಅದೇ ಮಾನಕ ಹೇಳುತ್ತದೆ. ಕುಡಿಯುವವರಿಗೆ ಅದು ರಕ್ಷೆ, ಬಿಯರಿಗೆ ಕಂಟಕ. ಮಾಲ್ಟಿನ ಫೀನಾಲುಗಳ ಜೊತೆ ಕ್ಲೋರಿನ್ ಸೇರಿದರೆ ಕ್ಲೋರೋಫೀನಾಲ್ ಹುಟ್ಟುತ್ತದೆ. ಡೆಟಾಲಿನ ಮುಖ್ಯ ದ್ರವ್ಯವೂ ಇದೇ ಕುಲದ್ದು, ವಾಸನೆಯೂ ಅದೇ ಜಾತಿಯದು. ಲೀಟರಿನಲ್ಲಿ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೂಗಿಗೆ ಸಿಕ್ಕಿಬೀಳುತ್ತದೆ, ಹುಟ್ಟಿದ ಮೇಲೆ ಹೋಗಲಾಡಿಸಲು ದಾರಿಯಿಲ್ಲ. ನೀರನ್ನು ಕುದಿಸಿದರೆ ಬರಿಯ ಕ್ಲೋರಿನ್ ಹಾರಿಹೋಗುತ್ತದೆ ಎನ್ನುವುದು ನಿಜ. ಆದರೆ ಚರಂಡಿ ನೀರು ಇಂಗಿದ ಕೊಳವೆಬಾವಿಯಲ್ಲಿ ಅಮೋನಿಯಾ ಇದ್ದು, ಅದಕ್ಕೆ ಟ್ಯಾಂಕರಿನಲ್ಲೋ ಸಂಪಿನಲ್ಲೋ ಕ್ಲೋರಿನ್ ಹಾಕಿದರೆ ಕ್ಲೋರಮೈನ್ ಆಗುತ್ತದೆ. ಅದು ಕುದಿಸಿದರೂ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಮೂಲ ಯಾವುದೇ ಆದರೂ ಪ್ರತಿ ಸಣ್ಣ ಬ್ರೂವರಿಗೂ ಬೇಕಾದ ಫಿಲ್ಟರ್ ಎರಡು ಹಂತದ್ದು. ಮೊದಲು ಮರಳು, ಕೆಸರು, ಕೊಳವೆಯ ತುಕ್ಕು ಹಿಡಿಯುವ 20 ಮತ್ತು 5 ಮೈಕ್ರಾನಿನ ಕಾರ್ಟ್ರಿಜ್‌ಗಳು. ಅದರ ಹಿಂದೆ ಕ್ಲೋರಿನ್ ತೆಗೆಯುವ ಚುರುಕುಗೊಳಿಸಿದ ಇದ್ದಿಲಿನ ಪಾತ್ರೆ. ಈ ಇದ್ದಿಲನ್ನು ತೆಂಗಿನ ಕರಟದಿಂದ ಮಾಡುತ್ತಾರೆ; ತೆಂಗಿನ ನಾಡಿನಲ್ಲಿರುವ ನಾವು ಇದಕ್ಕಾಗಿ ಹೊರದೇಶದ ಕಡೆ ನೋಡಬೇಕಾಗಿಲ್ಲ.

ಇದ್ದಿಲಿನ ಪಾತ್ರೆಯ ವಿಷಯದಲ್ಲಿ ನಡೆಯುವ ತಪ್ಪುಗಳು ಬಹುತೇಕ ಗಾತ್ರದವು ಮತ್ತು ನಿಗಾದವು. ನೀರು ಇದ್ದಿಲಿನ ನಡುವೆ ಸಾಕಷ್ಟು ಹೊತ್ತು ಇದ್ದರೆ ಮಾತ್ರ ಕೆಲಸವಾಗುತ್ತದೆ. ಕ್ಲೋರಿನ್‌ಗೆ ಎರಡು ಮೂರು ನಿಮಿಷ ಸಾಕು, ಕ್ಲೋರಮೈನ್‌ಗೆ ಹತ್ತು ನಿಮಿಷವಾದರೂ ಬೇಕು. 50 ಲೀಟರ್ ಇದ್ದಿಲಿನ ಮೂಲಕ ಗಂಟೆಗೆ 1,000 ಲೀಟರ್ ಹಾಯಿಸಿದರೆ ಸಿಗುವುದು ಮೂರು ನಿಮಿಷ. ಬೆಳಗ್ಗೆ ಅವಸರದಲ್ಲಿ ವಾಲ್ವನ್ನು ಪೂರ್ತಿ ತೆರೆದು ಗಂಟೆಗೆ 3,000ದ ವೇಗದಲ್ಲಿ ಟ್ಯಾಂಕು ತುಂಬಿಸಿದರೆ ಒಂದೇ ನಿಮಿಷ ಉಳಿಯುತ್ತದೆ. ಪಾತ್ರೆ ಅದೇ, ಇದ್ದಿಲು ಅದೇ, ಕ್ಲೋರಿನ್ ಮಾತ್ರ ದಾಟಿಬಿಡುತ್ತದೆ. ಆದ್ದರಿಂದ ಒಂದು ದೊಡ್ಡ ಪಾತ್ರೆಗಿಂತ ಒಂದರ ಹಿಂದೊಂದು ಎರಡು ಪಾತ್ರೆ ಇಟ್ಟು, ನಡುವಿನ ಕೊಳವೆಗೆ ಒಂದು ಸಣ್ಣ ನಲ್ಲಿ ಕೂರಿಸುವುದು ಒಳ್ಳೆಯದು. ದಿನವೂ ಬ್ರೂ ಶುರುವಾಗುವ ಮೊದಲು ಆ ನಲ್ಲಿಯಿಂದ ಗಾಜಿನ ಕೊಳವೆಗೆ ನೀರು ಹಿಡಿದು ಕ್ಲೋರಿನ್ ಪತ್ತೆಹಚ್ಚುವ ಡಿಪಿಡಿ ಪುಡಿ ಹಾಕಬೇಕು. ನೀರು ತಿಳಿಯಾಗೇ ಉಳಿದರೆ ಸರಿ. ನಸುಗುಲಾಬಿಗೆ ತಿರುಗಿದರೆ ಮೊದಲ ಪಾತ್ರೆಯ ಇದ್ದಿಲು ಸೋತಿದೆ, ಎರಡನೆಯದು ಇನ್ನೂ ಕಾಯುತ್ತಿದೆ ಎಂದು ಅರ್ಥ. ಆಗ ಸೋತದ್ದನ್ನು ಬದಲಿಸಿ, ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ನಿಲ್ಲಿಸಬೇಕು. ಒಟ್ಟು ಕ್ಲೋರಿನ್ನಿನ ಪುಡಿ ಬೇರೆಯೇ ಇದೆ. ಟ್ಯಾಂಕರ್ ನೀರು ಕೊಳ್ಳುವವರು ಅದನ್ನೂ ಬಳಸದಿದ್ದರೆ ಕ್ಲೋರಮೈನ್ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು. ಕ್ಲೋರಿನ್ ಕಳೆದುಕೊಂಡ ನೀರಿಗೆ ಕಾವಲಿಲ್ಲ, ಇದ್ದಿಲಿನ ಹಾಸೇ ಬ್ಯಾಕ್ಟೀರಿಯಾಗಳಿಗೆ ಮನೆಯಾಗುತ್ತದೆ. ಅದಕ್ಕೇ ಪಾತ್ರೆಯನ್ನು ಹಿಮ್ಮುಖವಾಗಿ ತೊಳೆಯುವುದು, ಪಾತ್ರೆ ತಾಳುವಂಥದ್ದಾದರೆ 80 ಡಿಗ್ರಿ ದಾಟಿದ ಬಿಸಿನೀರು ಹಾಯಿಸುವುದು, ಸೋಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಸಂಗ್ರಹಿಸದಿರುವುದು ನಿತ್ಯದ ಪಾಠವಾಗಬೇಕು. ಕುದಿಯುವ ಹಂಡೆಗೆ ಹೋಗುವ ನೀರಿಗೆ ಅಷ್ಟು ಭಯವಿಲ್ಲ. ಕುದಿದು ತಣ್ಣಗಾದ ಬಿಯರನ್ನು, ಅದರ ಪಾತ್ರೆ ಕೊಳವೆಗಳನ್ನು ಮುಟ್ಟುವ ನೀರಿಗೆ ಮಾತ್ರ ಅತಿನೇರಳೆ ದೀಪದ ಹಂತ ಬೇಕೇ ಬೇಕು.

ಕಾವೇರಿ ನೀರು ತಪ್ಪದೆ ಬರುವ ಕಡೆ ಕಥೆ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ. ಉಳಿದ ಸ್ವಲ್ಪ ಕ್ಷಾರತೆಯನ್ನು ಲ್ಯಾಕ್ಟಿಕ್ ಅಥವಾ ಫಾಸ್ಫಾರಿಕ್ ಆಮ್ಲದ ಕೆಲವು ಹನಿಗಳಲ್ಲಿ ಸರಿಪಡಿಸಬಹುದು. ಕೊಳವೆಬಾವಿಯ ನೀರಿಗೆ ಆಮ್ಲ ಸಾಲದು: 300ರ ಕ್ಷಾರತೆಯನ್ನು 50ಕ್ಕೆ ಇಳಿಸಲು ಬೇಕಾಗುವ ಲ್ಯಾಕ್ಟಿಕ್ ಆಮ್ಲದಿಂದ ಲೀಟರಿಗೆ ಸುಮಾರು 450 ಮಿಲಿಗ್ರಾಂ ಲ್ಯಾಕ್ಟೇಟ್ ಉಳಿಯುತ್ತದೆ, ಅದು ನಾಲಿಗೆಗೆ ತಿಳಿಯುವ ಮಟ್ಟ. ಆಗ ಎರಡು ಯಂತ್ರಗಳ ಹೆಸರು ಕೇಳಿಬರುತ್ತದೆ, ಸಾಫ್ಟನರ್ ಮತ್ತು ಆರ್‌ಓ. ಸಾಫ್ಟನರ್ ಅಗ್ಗ, ನೀರನ್ನು ಪೋಲು ಮಾಡುವುದೂ ಕಡಿಮೆ, ಅಪಾರ್ಟ್‌ಮೆಂಟುಗಳಲ್ಲಿ ಪರಿಚಿತವೂ ಹೌದು. ಆದರೆ ಬಿಯರಿನ ಹಂಡೆಗೆ ಅದು ಸಲ್ಲದು. ಅದು ಕ್ಯಾಲ್ಸಿಯಂ ಕಿತ್ತುಕೊಂಡು ಸೋಡಿಯಂ ಕೊಡುತ್ತದೆ, ಬೈಕಾರ್ಬೊನೇಟನ್ನು ಹಾಗೆಯೇ ಬಿಡುತ್ತದೆ. ಬೇಕಾದದ್ದು ಹೋಯಿತು, ಬೇಡವಾದದ್ದು ಉಳಿಯಿತು. ಗಡಸುತನ 400 ಇದ್ದ ನೀರಿಗೆ ಸುಮಾರು 180 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿತು. ಬಾಯ್ಲರಿಗೆ, ಲೋಟ ತೊಳೆಯುವ ಯಂತ್ರಕ್ಕೆ ಸಾಫ್ಟನರ್ ನೀರೇ ಸರಿ. ಅಲ್ಲಿ ಪೊರೆ ಕಟ್ಟದಿರುವುದಷ್ಟೇ ಮುಖ್ಯ.

ಆರ್‌ಓ ನಿಜವಾಗಿ ಬೇಕಾಗುವುದು ಇಂಥ ಉಪ್ಪುನೀರಿಗೆ, ಅದೂ ಒಂದು ಭಾಗಕ್ಕೆ. 500 ಲೀಟರ್ ಬಿಯರ್ ಮಾಡುವ ಒಂದು ಬ್ರೂ ಲೆಕ್ಕ ಹಾಕೋಣ. ಮಾಲ್ಟು ನೆನೆಸಿ ತೊಳೆಯಲು ಸುಮಾರು 750 ಲೀಟರ್ ನೀರು ಬೇಕು. ಕೊಳವೆಬಾವಿಯ ನೀರಿನ ಕ್ಷಾರತೆ 300, ಆರ್‌ಓ ನೀರಿನದು 10 ಎಂದಿಟ್ಟುಕೊಳ್ಳಿ. ತಿಳಿ ಬಿಯರಿಗೆ 60 ಬೇಕೆಂದರೆ 620 ಲೀಟರ್ ಆರ್‌ಓ ನೀರಿಗೆ 130 ಲೀಟರ್ ಇದ್ದಿಲು ದಾಟಿದ ಕೊಳವೆಬಾವಿಯ ನೀರನ್ನು ಬೆರೆಸಿದರೆ ಸಾಕು. ಸ್ಟೌಟ್‌ಗೆ 150 ಇರಬಹುದಾದ್ದರಿಂದ ಎರಡನ್ನೂ ಹೆಚ್ಚುಕಡಿಮೆ ಸಮವಾಗಿ ಬೆರೆಸಬಹುದು. ತಿಳಿ ಬಿಯರಿನ ಮಿಶ್ರಣದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. 750 ಲೀಟರಿಗೆ 130 ಗ್ರಾಂ ಜಿಪ್ಸಂ ಹಾಕಿದರೆ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಮರಳಿ ಬರುತ್ತದೆ. ಕಹಿ ಮೊನಚಾಗಿರಬೇಕಾದರೆ ಜಿಪ್ಸಂ, ಬಾಯಿ ತುಂಬುವ ದುಂಡು ರುಚಿ ಬೇಕಾದರೆ ಬದಲಿಗೆ ಕ್ಯಾಲ್ಸಿಯಂ ಕ್ಲೋರೈಡ್. ಇದು ವಿನ್ಸೆಂಟರ ಕಾಲದಿಂದ ಬಂದ ವಿದ್ಯೆ, ಅಡುಗೆಯ ತಕ್ಕಡಿಯೊಂದಿದ್ದರೆ ಮಾಡಬಹುದಾದ ಕೆಲಸ. ಆರ್‌ಓ ಯಂತ್ರದ ಮುಂದೆಯೂ ಇದ್ದಿಲಿನ ಪಾತ್ರೆ ಇರಲೇಬೇಕು, ಏಕೆಂದರೆ ಅದರ ಪಾಲಿಅಮೈಡ್ ಪೊರೆಯನ್ನು ಕ್ಲೋರಿನ್ ತಿಂದುಹಾಕುತ್ತದೆ.

ಇದಕ್ಕೆ ಬ್ರೂವರಿಯವರ ಆಕ್ಷೇಪಣೆ ಗಟ್ಟಿಯಾಗಿದೆ. ಟ್ಯಾಂಕರಿನ ನೀರು ಇವತ್ತು ಒಂದು ಕೊಳವೆಬಾವಿಯದು, ನಾಳೆ ಇನ್ನೊಂದರದು. ಬೆರೆಸುವ ಪ್ರಮಾಣವನ್ನು ನಂಬುವುದು ಹೇಗೆ? ಎಲ್ಲವನ್ನೂ ಆರ್‌ಓಗೆ ಹಾಕಿ, ಅಳತೆಯ ಲವಣ ಸೇರಿಸಿದರೆ ದಿನವೂ ಒಂದೇ ನೀರು, ಒಂದೇ ಬಿಯರ್ ಅಲ್ಲವೇ? ಮಾಲ್ಟಿಗೆ ಹೋಗುವ ಆ 750 ಲೀಟರಿನ ಮಟ್ಟಿಗೆ ಈ ಮಾತನ್ನು ಒಪ್ಪಬೇಕು. ಮೂಲವೇ ಸ್ಥಿರವಿಲ್ಲದ ಕಡೆ, ಅಥವಾ ನೈಟ್ರೇಟ್ 45 ಮಿಲಿಗ್ರಾಂ ದಾಟಿದ, ಕೋಲಾರ ಚಿಕ್ಕಬಳ್ಳಾಪುರದ ಸೀಮೆಯಂತೆ ಫ್ಲೋರೈಡ್ ಹೆಚ್ಚಿರುವ ಕಡೆ, ಬ್ರೂ ನೀರನ್ನು ಪೂರ್ತಿ ಆರ್‌ಓ ಮಾಡುವುದೇ ವಿವೇಕ. ಆದರೆ ಅದು ಅಳೆದು ತೀರ್ಮಾನಿಸಬೇಕಾದ ವಿಷಯ. ಅಳೆಯುವುದು ದುಬಾರಿ, ಸಣ್ಣವರ ಬಳಿ ರಸಾಯನಶಾಸ್ತ್ರಜ್ಞರಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ಮಳೆಗಾಲ ಮತ್ತು ಬೇಸಿಗೆಯಲ್ಲಿ ಒಂದೊಂದು ಪೂರ್ಣ ಪರೀಕ್ಷೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಆಗಬೇಕು. ದಿನದ ಕೆಲಸಕ್ಕೆ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನು, ಕ್ಷಾರತೆಗೆ ಹನಿ ಎಣಿಸುವ ಕಿಟ್ಟು, ಒಂದು ಪಿಎಚ್ ಮೀಟರು ಸಾಕು. ಟ್ಯಾಂಕರ್ ಪೈಪು ಸಂಪಿಗೆ ಇಳಿಯುವ ಮೊದಲು ಒಂದು ಲೋಟ ಹಿಡಿದು ಹನಿ ಎಣಿಸಲು ಐದು ನಿಮಿಷ ಹಿಡಿಯುವುದಿಲ್ಲ. ಒಂದು ಬ್ರೂ ಕೆಟ್ಟು ಚರಂಡಿಗೆ ಹೋದರೆ ಆಗುವ ನಷ್ಟದ ಮುಂದೆ ಈ ಸಾಮಾನುಗಳ ಬೆಲೆ ಏನೂ ಅಲ್ಲ.

ನಾನು ಪಟ್ಟು ಹಿಡಿಯುವುದು ಉಳಿದ ನೀರಿನ ವಿಷಯದಲ್ಲಿ. ದೊಡ್ಡ ಬ್ರೂವರಿಗಳು ಒಂದು ಲೀಟರ್ ಬಿಯರಿಗೆ ನಾಲ್ಕೈದು ಲೀಟರ್ ನೀರಿನಲ್ಲಿ ಮುಗಿಸಿದರೆ, ಸಣ್ಣವು ಏಳು ಲೀಟರೋ ಇನ್ನೂ ಹೆಚ್ಚೋ ಬಳಸುತ್ತವೆ. ಅದರಲ್ಲಿ ಬಹುಪಾಲು ಬಿಯರಿಗೆ ಸೇರುವುದೇ ಇಲ್ಲ. ಪಾತ್ರೆ ತೊಳೆಯಲು, ನೆಲ ತೊಳೆಯಲು, ತಂಪು ಮಾಡಲು ಹೋಗುತ್ತದೆ. ನಮ್ಮ 500 ಲೀಟರಿನ ಬ್ರೂಗೆ ಒಟ್ಟು 3,500 ಲೀಟರ್ ಎಂದುಕೊಳ್ಳಿ. ಸಣ್ಣ ಆರ್‌ಓ ಯಂತ್ರವೊಂದು ಒಳಬಂದ ನೀರಿನ ಅರ್ಧವನ್ನು ಹೊರಚೆಲ್ಲುತ್ತದೆ ಎಂದು ಹಿಡಿದರೆ, ಎಲ್ಲವನ್ನೂ ಆರ್‌ಓ ಮಾಡುವ ಬ್ರೂವರಿ 3,500 ಲೀಟರನ್ನು ಚೆಲ್ಲುತ್ತದೆ. ಬೆರೆಸಿಕೊಳ್ಳುವ ಬ್ರೂವರಿ ಚೆಲ್ಲುವುದು 620 ಲೀಟರ್. ಕರಗಿದ ಲವಣ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಮನೆಗಳ ಯಂತ್ರಗಳನ್ನು ಕುರಿತು. ಅದರ ಹಿಂದಿನ ತರ್ಕ ಬ್ರೂವರಿಗೂ ಅನ್ವಯಿಸುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕಾರು ತೊಳೆಯಲು, ತೋಟಕ್ಕೆ ಹಾಯಿಸಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದನ್ನು ಬೆಂಗಳೂರಿಗರು ಮರೆತಿಲ್ಲ. ಇಂಥ ಊರಿನಲ್ಲಿ ಬಿಯರೇ ಏಕೆ ಬೇಕು ಎಂದು ಕೇಳುವವರ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕಾನೂನು ಒಪ್ಪಿದ, ಸಾವಿರಾರು ಜನರಿಗೆ ಕೆಲಸ ಕೊಟ್ಟ ಉದ್ಯಮವನ್ನು ಮುಚ್ಚಿ ಎನ್ನುವುದು ನನ್ನ ವಾದವಲ್ಲ. ಆದರೆ ನೀರಿನ ಲೆಕ್ಕ ಕೊಡದೆ ಬಳಸುವ ಹಕ್ಕು ಅದಕ್ಕಿಲ್ಲ.

ಆದ್ದರಿಂದ ಫಿಲ್ಟರಿನ ನಕ್ಷೆ ಬರೆಯುವಾಗಲೇ ಚೆಲ್ಲುವ ನೀರಿಗೂ ಒಂದು ಟ್ಯಾಂಕು, ಬೇರೆ ಬಣ್ಣದ ಪೈಪು ಹಾಕಬೇಕು. ಅರ್ಧ ನೀರನ್ನಷ್ಟೇ ಶುದ್ಧವಾಗಿ ಕೊಡುವ ಯಂತ್ರದಲ್ಲಿ ಚೆಲ್ಲುವ ನೀರಿನ ಲವಣ ಮೂಲದ ಸುಮಾರು ಎರಡರಷ್ಟಾಗುತ್ತದೆ. ಗಿಡಗಳಿಗೆ ಅದನ್ನು ಹಾಕಬಾರದು, ನೆಲ ತೊಳೆಯಲು, ಶೌಚಾಲಯಕ್ಕೆ ಧಾರಾಳವಾಗಿ ಆಗುತ್ತದೆ. ಬಿಸಿ ಬಿಯರನ್ನು ತಣಿಸುವ ಯಂತ್ರದಿಂದ ಹೊರಬರುವ ಬಿಸಿನೀರನ್ನು ಹಿಡಿದಿಟ್ಟು ಮುಂದಿನ ಬ್ರೂಗೆ ಬಳಸಿದರೆ ನೀರೂ ಉಳಿಯುತ್ತದೆ, ಗ್ಯಾಸೂ ಉಳಿಯುತ್ತದೆ. ಇನ್ನು ಮೂರು ಮೀಟರುಗಳು: ಒಳಬರುವ ಕೊಳವೆಗೊಂದು, ಆರ್‌ಓ ನೀರಿಗೊಂದು, ಚೆಲ್ಲುವ ನೀರಿಗೊಂದು. ಬ್ರೂ ಪುಸ್ತಕದಲ್ಲಿ ಪ್ರತಿ ಬ್ರೂಗೆ ಈ ಮೂರು ಅಂಕಿಗಳನ್ನು, ಪಕ್ಕದಲ್ಲಿ ಆರ್‌ಓ ನೀರಿನ ಟಿಡಿಎಸ್ಸನ್ನು ಬರೆದಿಡಬೇಕು. ಒತ್ತಡ ಅಷ್ಟೇ ಇದ್ದು ಆರ್‌ಓ ನೀರು ಕಡಿಮೆಯಾಗುತ್ತ ಬಂದರೆ ಪೊರೆಗೆ ಲವಣ ಕಟ್ಟಿದೆ, ತೊಳೆಯಬೇಕು. ನೀರು ಹೆಚ್ಚಿ ಟಿಡಿಎಸ್ಸೂ ಏರಿದರೆ ಪೊರೆ ಹರಿದಿದೆ ಇಲ್ಲವೇ ಕ್ಲೋರಿನ್ನಿಗೆ ಸಿಕ್ಕಿದೆ. ಆಗ ಮೊದಲು ನೋಡಬೇಕಾದದ್ದು ಎರಡು ಇದ್ದಿಲು ಪಾತ್ರೆಗಳ ನಡುವಿನ ಆ ನಲ್ಲಿಯನ್ನು.